ಬಿಸಿಗೈಯವನ ಟ್ರೇ ಸೀದ ಸಂಜೆ

ಬೀದಿಯವರು ಅವನನ್ನು ಬಿಸಿಗೈಯವನು ಎಂದು ಕರೆಯುತ್ತಿದ್ದರು. ಬೇಕರಿಗೆ ಬೇರೆ ಹೆಸರಿತ್ತು, ಬೋರ್ಡೂ ಇತ್ತು. ಯಾರೂ ಓದುತ್ತಿರಲಿಲ್ಲ. ಬಿಸಿಗೈಯವನ ಹತ್ತಿರ ಹೋಗಿ ಬಾ ಎಂದರೆ ಮಕ್ಕಳಿಗೂ ಗೊತ್ತಾಗುತ್ತಿತ್ತು.

ಹೆಸರು ಸುಮ್ಮನೆ ಬಂದದ್ದಲ್ಲ. ಅವನದು ಸೌದೆಯ ಭಟ್ಟಿ. ಕಾವು ಎಷ್ಟಿದೆ ಎಂದು ತೋರಿಸುವ ಯಂತ್ರ ಗಿಂತ್ರ ಏನೂ ಇರಲಿಲ್ಲ. ಅವನು ಎಡಗೈಯನ್ನು ಮೊಣಕೈವರೆಗೆ ಭಟ್ಟಿಯ ಬಾಯೊಳಗೆ ಹಿಡಿದು ಮನೆಯವರನ್ನು ಒಬ್ಬೊಬ್ಬರಾಗಿ ನೆನೆಯುತ್ತಿದ್ದ. ಅಪ್ಪ, ಅವ್ವ, ಅಣ್ಣ, ಅತ್ತಿಗೆ, ಹೆಂಡತಿ, ಅತ್ತೆ. ಅವ್ವನ ಹತ್ತಿರವೇ ಕೈ ಸುಟ್ಟರೆ ಬಾಗಿಲು ತೆಗೆದಿಟ್ಟು ಕಾಯಬೇಕು. ಅಣ್ಣನ ಹತ್ತಿರ ಸುಟ್ಟರೆ ಬ್ರೆಡ್ಡಿಗೆ ಸರಿ. ಹೆಂಡತಿಯವರೆಗೆ ತಡೆದರೆ ಬಿಸ್ಕತ್ತಿಗೆ. ಅತ್ತೆಯವರೆಗೆ ಹೋದರೆ ಭಟ್ಟಿ ಆರಿದೆ ಎಂದರ್ಥ. ಅವನಪ್ಪ ಗಂಡುಮಕ್ಕಳಿಬ್ಬರಿಗೂ ಹೀಗೇ ಕಲಿಸಿದ್ದ. ಅಣ್ಣ ಕಲಿತೂ ಅದನ್ನು ಬಿಟ್ಟು ವ್ಯಾನ್ ಓಡಿಸಲು ಹೋದ. ತಮ್ಮ ಭಟ್ಟಿ ಬಿಡಲಿಲ್ಲ.

"ಎಲ್ಲರ ಹೆಂಡ್ತೀರು ಮನೇಲಿ ಸುಡ್ತಾರೆ, ನನ್ನವಳು ಭಟ್ಟೀಲೂ ಸುಡ್ತಾಳೆ" ಎಂದು ಗಿರಾಕಿಗಳ ಮುಂದೆ ಹೇಳಿ ನಗುತ್ತಿದ್ದ.

"ನಿಮ್ಮತ್ತೇನ ನೆನೆಯೋವರೆಗೆ ಕೈ ಇಟ್ಕೋಬೇಡಿ. ಬೆಂದ ಕೈ ಯಾರೂ ಕೊಳ್ಳಲ್ಲ" ಎಂದು ಅವಳು ಕೌಂಟರಿನ ಹಿಂದಿನಿಂದ ಉತ್ತರ ಕೊಡುತ್ತಿದ್ದಳು.

ಮಕ್ಕಳಾಗಲಿಲ್ಲ. ಭಟ್ಟಿಯ ಪಕ್ಕದಲ್ಲೇ ಅವಳ ಸಂಸಾರ ಕಳೆಯಿತು. ಅವನ ಕೈ ಅವಳಿಗೆ ಬರಲಿಲ್ಲ, ಮೂಗು ಬಂತು. ಬನ್ನು ಬೆಂದಿತೋ ಇಲ್ಲವೋ ಎಂದು ನಲ್ಲಿಯ ಹತ್ತಿರ ನೀರು ಹಿಡಿಯುತ್ತಲೇ ಹೇಳಬಲ್ಲಳು.

ಆ ದಿನ ಮಧ್ಯಾಹ್ನ ಅಣ್ಣನ ಫೋನ್ ಬಂತು. ಸಂಜೆ ಎಲ್ಲರೂ ಊಟಕ್ಕೆ ಬರುತ್ತೇವೆ ಎಂದ. ಸುಮ್ಮನೆ ಬರುವವನಲ್ಲ ಅವನು. ಭಟ್ಟಿ ಇಬ್ಬರಿಗೂ ಸೇರಿದ್ದು. ನಿನಗಿನ್ನು ಆಗಲ್ಲ, ಆರಿಸಿಬಿಡೋಣ ಎಂದು ಹಿಂದೆಯೂ ಹೇಳಿದ್ದ.

"ನೋಡೋಕೆ ಬರ್ತಿದಾನೆ, ನಾನಿನ್ನೂ ನೆಟ್ಟಗೆ ನಿಲ್ತೀನಾ ಅಂತ" ಎಂದ ಗಂಡ.

"ಸಿಲಿಂಡರ್ ಬೆಳಿಗ್ಗೇನೇ ಖಾಲಿ ಆಯ್ತು ರೀ. ಏನು ಬೇಯಿಸ್ಲಿ, ನನ್ನ ತಲೇನಾ?"

"ನಿನ್ನ ತಲೆ ಬೇಯೋದು ತಡ. ಬುಟ್ಟೀಲಿ ಏನಿದೆಯೋ ತಾ. ಭಟ್ಟಿ ಇದೆಯಲ್ಲ."

ಬುಟ್ಟಿಯಲ್ಲಿ ಅರ್ಧ ಕುಂಬಳಕಾಯಿ, ಆಲೂಗಡ್ಡೆ, ಬಾಡಿದ ಕೋಸು, ಒಂದಷ್ಟು ಈರುಳ್ಳಿ ಇತ್ತು. ಅಂಗಡಿಯಲ್ಲಿ ಹಾಲು, ಬೆಣ್ಣೆ, ನಿನ್ನೆಯ ಬ್ರೆಡ್. ಅವನು ಬನ್ನಿನ ಟ್ರೇಗೆ ಬೆಣ್ಣೆ ಸವರಿದ. ಆಲೂಗಡ್ಡೆ ಬಿಲ್ಲೆಗಳನ್ನು ಹಾಸಿದ. ಅದರ ಮೇಲೆ ಕುಂಬಳ, ಕೋಸು, ಈರುಳ್ಳಿ, ಮತ್ತೆ ಆಲೂಗಡ್ಡೆ. ಹಾಲಿಗೆ ಮೈದಾ, ಉಪ್ಪು, ಮೆಣಸಿನಪುಡಿ ಕಲಸಿ ಸುರಿದ. ಬ್ರೆಡ್ ಪುಡಿ ಮಾಡಿ ಮೇಲೆ ಉದುರಿಸಲು ಅವಳಿಗೆ ಹೇಳಿದ.

"ಇದಕ್ಕೆ ಹೆಸರೇನ್ರೀ?"

"ತಿಂದವರು ಇಡ್ತಾರೆ ಬಿಡು."

ಅವಳು ನಕ್ಕಳು. ಆದರೆ ಕಣ್ಣು ಅವನ ಎಡಗೈ ಮೇಲಿತ್ತು. ಕುಂಬಳಕಾಯಿ ಆ ಕೈಯಿಂದ ಎರಡು ಸಲ ಜಾರಿತ್ತು. ಎಡಗಾಲಿನ ಚಪ್ಪಲಿ ಬಾಗಿಲ ಬಳಿಯೇ ಕಳಚಿ ಬಿದ್ದಿತ್ತು. ಅವನು ಒಂದೇ ಚಪ್ಪಲಿಯಲ್ಲಿ ಓಡಾಡುತ್ತಿದ್ದ. ಅವನಿಗೆ ಗೊತ್ತೇ ಇರಲಿಲ್ಲ.

ಅವಳಪ್ಪನಿಗೆ ಲಕ್ವ ಹೊಡೆಯುವ ಮುಂಚೆಯೂ ಹೀಗೇ ಆಗಿತ್ತು. ಮೊದಲು ಲೋಟ ಜಾರಿತು, ಆಮೇಲೆ ಚಪ್ಪಲಿ. ನಾಳೆ ಆಸ್ಪತ್ರೆಗೆ ಹೋಗೋಣ ಎನ್ನುತ್ತಲೇ ಒಂದು ಬೆಳಿಗ್ಗೆ ಅಪ್ಪ ಏಳಲಿಲ್ಲ.

ಗಂಡ ಭಟ್ಟಿಗೆ ಸೌದೆ ತುಂಬಿದ. ಸ್ವಲ್ಪ ಹೊತ್ತಿಗೆ ಇನ್ನೊಂದು ಕೊರಡು ಹಾಕಿದ. ಅವಳ ಕೆನ್ನೆಗೆ ದೂರದಿಂದಲೇ ಕಾವು ಹೊಡೆಯುತ್ತಿತ್ತು.

"ಸಾಕು ರೀ."

"ಇನ್ನೂ ತಣ್ಣಗಿದೆ ಕಣೇ."

ಕೆಂಡ ಪಕ್ಕಕ್ಕೆ ಎಳೆದು ಎಡಗೈ ಒಳಗಿಟ್ಟ. ಅಪ್ಪ ಎಂದ, ಅವ್ವ ಎಂದ. ಅಣ್ಣ ಎಂದ. ಅತ್ತಿಗೆ, ಹೆಂಡತಿ. ಅತ್ತೆಯೂ ಮುಗಿಯಿತು. ಕೈ ಒಳಗೇ ಇತ್ತು. ಇನ್ನು ಯಾರು ಎಂಬಂತೆ ಅವನು ಯೋಚಿಸುತ್ತ ನಿಂತ. ಅವಳ ಮೂಗಿಗೆ ಕೂದಲು ಸುಟ್ಟ ವಾಸನೆ ಬಡಿಯಿತು.

ಓಡಿಹೋಗಿ ಅವನ ತೋಳು ಹಿಡಿದು ಎಳೆದಳು. ತೋಳಿನ ಕೂದಲೆಲ್ಲ ಮುರುಟಿ ಹೋಗಿತ್ತು. ಚರ್ಮ ಕೆಂಪಗಾಗಿ, ಅವಳು ನೋಡುತ್ತಿದ್ದ ಹಾಗೆಯೇ ಬೊಬ್ಬೆ ಏಳುತ್ತಿತ್ತು. ಅವನು ಅದನ್ನು ಯಾರದೋ ಕೈ ನೋಡಿದ ಹಾಗೆ ನೋಡಿದ.

"ಉರೀತಿಲ್ವಾ?"

"ಇಲ್ಲ." ಸ್ವಲ್ಪ ತಡೆದು, "ನಿನ್ನೆಯಿಂದ ಜುಮ್ ಅಂತಿದೆ" ಎಂದ.

"ನಡೀರಿ ಆಸ್ಪತ್ರೆಗೆ. ಈಗಲೇ."

"ಅಣ್ಣ ಬರ್ತಿದಾನೆ. ಅವನು ನೋಡಿದ್ರೆ ಭಟ್ಟಿ ಇವತ್ತೇ ಆರುತ್ತೆ. ಊಟ ಮಾಡ್ಕೊಂಡು ಹೋಗ್ಲಿ. ನಾಳೆ ನೋಡೋಣ."

ಅವಳಪ್ಪನೂ ನಾಳೆ ಎಂದೇ ಅಂದಿದ್ದ. "ನಾನೇ ಹೇಳ್ತೀನಿ ಭಾವಂಗೆ" ಎಂದಳು.

ಅವನು ಬಲಗೈಯಿಂದ ಅವಳ ಕೈ ಹಿಡಿದು ತನ್ನ ತಲೆಯ ಮೇಲೆ ಇಟ್ಟುಕೊಂಡ. "ಒಂದು ಮಾತು ಆಡಿದ್ರೆ ನನ್ನ ಮೇಲಾಣೆ."

ಬೇರೆ ಯಾರ ಮೇಲೆ ಆಣೆ ಇಟ್ಟಿದ್ದರೂ ಮುರಿಯುತ್ತಿದ್ದಳು. ತಣ್ಣೀರು ಸುರಿದು ಬಟ್ಟೆ ಸುತ್ತಿದಳು. ಅವನು ತುಂಬುತೋಳಿನ ಅಂಗಿ ಹಾಕಿಕೊಳ್ಳಲು ಹೊರಟ. ಹೋಗುವ ಮುಂಚೆ ಟ್ರೇಯನ್ನು ಉದ್ದ ಹಿಡಿಯ ಹಲಗೆಯ ಮೇಲಿಟ್ಟು ಒಂದೇ ಕೈಯಲ್ಲಿ ಒಳಗೆ ತಳ್ಳಿ, ಬಾಗಿಲು ಮುಚ್ಚಿದ.

"ಬಣ್ಣ ಬಂದ ತಕ್ಷಣ ತೆಗಿ. ನಿಂಗೆ ಹೇಳ್ಬೇಕಾ?"

ಹೇಳಬೇಕಾಗಿರಲಿಲ್ಲ. ಅವಳು ಭಟ್ಟಿಯ ಮುಂದೆ ನಿಂತಳು. ಬಾಗಿಲು ಒಂದಿಷ್ಟು ತೆರೆದಿಟ್ಟರೆ ಕಾವು ಇಳಿಯುತ್ತದೆ, ಟ್ರೇ ಉಳಿಯುತ್ತದೆ ಎಂದು ಗೊತ್ತಿತ್ತು. ಮೊದಲು ಬೆಣ್ಣೆಯ ವಾಸನೆ ಬಂತು. ಹಾಲು ಕುದಿದ ವಾಸನೆ ಬಂತು. ಆಮೇಲೆ ಬ್ರೆಡ್ ಪುಡಿ ಹೊಂಬಣ್ಣಕ್ಕೆ ತಿರುಗುವ ವಾಸನೆ. ಅವಳ ಕೈ ತಾನಾಗಿಯೇ ಬಾಗಿಲ ಹಿಡಿಗೆ ಹೋಯಿತು.

ಹಿಡಿ ಬಿಸಿಯಾಗಿತ್ತು. ಕೈ ಹಿಂದಕ್ಕೆ ತೆಗೆದುಕೊಂಡಳು. ಸೆರಗಿನಲ್ಲಿ ಸುತ್ತಿಕೊಂಡು ಎದೆಗೆ ಒತ್ತಿ ಹಿಡಿದಳು. ಮಾತಾಡಬಾರದು ಎಂದಿದ್ದ. ಮಾತಾಡಲಿಲ್ಲ.

ಕಹಿ ವಾಸನೆ ಶುರುವಾಯಿತು. ಹೊಗೆ ಬಾಗಿಲ ಸಂದಿಯಿಂದ ಎಳೆಯಾಗಿ ಹೊರಬಂತು. ಬೇಕರಿಯಲ್ಲಿ ಅಂಥ ವಾಸನೆ ಅವಳು ಬಂದ ಮೇಲೆ ಎದ್ದಿರಲಿಲ್ಲ. ಅಷ್ಟರಲ್ಲಿ ಹೊರಗೆ ವ್ಯಾನ್ ನಿಂತ ಸದ್ದಾಯಿತು. ಆಗ ಟ್ರೇ ಹೊರಗೆಳೆದಳು.

ಅಣ್ಣ, ಅತ್ತಿಗೆ, ಅವರ ಮಗಳು ಮೇಜಿನ ಸುತ್ತ ಕೂತರು. ಗಂಡ ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು ನಗುತ್ತ ಮಾತಾಡುತ್ತಿದ್ದ. ಅವಳು ಟ್ರೇ ತಂದು ನಡುವೆ ಇಟ್ಟಳು. ನಗು ನಿಂತಿತು.

"ಚಿಕ್ಕಪ್ಪ, ಇದೇನು ಇದ್ದಿಲಿನ ಕೇಕಾ?" ಎಂದಳು ಹುಡುಗಿ.

"ಸುಮ್ನಿರೇ" ಎಂದು ಅವಳ ತಾಯಿ ಗದರಿದಳು.

ಗಂಡ ಟ್ರೇ ನೋಡಿದ. ಆಮೇಲೆ ಹೆಂಡತಿಯ ಮುಖ ನೋಡಿದ. ಅವಳು ನೀರಿನ ಲೋಟಗಳನ್ನು ನೆಟ್ಟಗೆ ಮಾಡುತ್ತಿದ್ದಳು.

ಅಣ್ಣ ಚಾಕುವಿನಿಂದ ಮೇಲಿನ ಕರಿ ಕೆರೆದ. ಒಳಗೆ ಚುಚ್ಚಿದ. ಆಲೂಗಡ್ಡೆ ಹಸಿಯಾಗಿ ಕಟಕ್ ಎಂದಿತು. ವ್ಯಾನ್ ಓಡಿಸುವವನಾದರೂ ಅದೇ ಅಪ್ಪನ ಮಗ. ಎದ್ದು ಭಟ್ಟಿಮನೆಗೆ ಹೋದ. ಅಂಗಿಯ ತೋಳು ಮಡಿಸಿಕೊಂಡು ಕೈ ಒಳಗಿಟ್ಟಿರಬೇಕು, ಮೊದಲ ಹೆಸರಿಗೇ "ಅಪ್ಪಾ!" ಎಂದು ಕೂಗಿದ್ದು ಕೇಳಿತು. ಬರುವಾಗ ಅವನ ಮುಖ ಬಿಳಿಚಿಕೊಂಡಿತ್ತು.

"ಇಷ್ಟು ಕಾವಿಗೆ ಟ್ರೇ ತಳ್ಳಿದ್ಯಾ?"

"ಏನೋ ಮರೆವು ಅಣ್ಣ."

"ಕೈ ತೋರ್ಸು."

"ಕೈಗೇನಾಗಿದೆ? ಊಟಕ್ಕೆ ಬೇರೆ ಏನಾದ್ರೂ..."

"ತೋರ್ಸೋ ಅಂದೆ." ಅಣ್ಣನ ದನಿ ಒಡೆದಿತ್ತು. ತಮ್ಮನ ಹೆಂಡತಿಯ ಕಡೆ ತಿರುಗಿ, "ಏನಮ್ಮಾ, ಏನಾಗಿದೆ ಇವನಿಗೆ?" ಎಂದ.

ಅವಳು ಗಂಡನನ್ನು ನೋಡಿದಳು. ನಿಮ್ಮ ಮಾತು ಉಳಿಸಿದ್ದೇನೆ, ಇನ್ನು ನೀವೇ ಹೇಳಿ ಎನ್ನುವ ಹಾಗೆ ನೋಡಿದಳು.

ಅವನು ಬಲಗೈಯಿಂದ ಎಡಗೈಯನ್ನು ಎತ್ತಿ ಮೇಜಿನ ಮೇಲೆ ಇಟ್ಟ. ಅಣ್ಣ ಅಂಗಿಯ ತೋಳು ಸರಿಸಿದ, ಒಳಗೆ ಸುತ್ತಿದ ಬಟ್ಟೆ ಒದ್ದೆಯಾಗಿತ್ತು. ಅತ್ತಿಗೆ ಬಾಯಿಗೆ ಸೆರಗು ಒತ್ತಿಕೊಂಡಳು. ಅಣ್ಣ ಆಗಲೇ ವ್ಯಾನಿನ ಕೀಲಿ ಹುಡುಕುತ್ತಿದ್ದ.

ಹೊರಗೆ ಕತ್ತಲಾಗುತ್ತಿತ್ತು. ಅವನು ಎಡಗಾಲು ಎಳೆದುಕೊಂಡು ನಡೆದ. ವ್ಯಾನಿನ ಬಾಗಿಲ ಹತ್ತಿರ ನಿಂತು, ಅವಳಿಗಷ್ಟೇ ಕೇಳುವಂತೆ ಕೇಳಿದ.

"ನಿಂಗೆ ವಾಸನೆ ಬರ್ಲಿಲ್ವಾ?"

ಅವನ ತುಟಿಯ ಒಂದು ಕೊನೆ ಕೆಳಗೆ ಜೋತುಬಿದ್ದಿತ್ತು. ಬೆಳಿಗ್ಗೆ ಹಾಗಿರಲಿಲ್ಲ.

"ಬಂತು" ಎಂದಳು.

ಅವನು ಬೈಯುತ್ತಾನೆ ಎಂದುಕೊಂಡಳು. ಬೈಯಲಿಲ್ಲ. ಮೆಟ್ಟಿಲಿಗೆ ಕಾಲಿಡಲು ಹೋದ, ಕಾಲು ಏಳಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದ. ಅವಳು ಹಿಂದಿನಿಂದ ಅವನ ಬೆನ್ನಿಗೆ ಎರಡೂ ಕೈ ಕೊಟ್ಟು ತಳ್ಳಿದಳು. ಅವನು ಬೇಡ ಎನ್ನಲಿಲ್ಲ. ತನ್ನ ಭಾರವನ್ನೆಲ್ಲ ಅವಳ ಕೈಮೇಲೆ ಬಿಟ್ಟ.