ಗೂಡಿಗೆ ಕಟ್ಟಿದ ಹಳದಿ ಚೀಟಿ

ಇವತ್ತು ಬೆಳಿಗ್ಗೆ ಸೋಪಿನ ಡಬ್ಬಿಯಲ್ಲಿ ಎರಡು ಒಣಹುಲ್ಲಿನ ಕಡ್ಡಿ ಬಿದ್ದಿದ್ದವು. ತಲೆಯೆತ್ತಿದರೆ, ಬಚ್ಚಲಿನ ಎಕ್ಸಾಸ್ಟ್ ಫ್ಯಾನಿನ ಸಂದಿಯಿಂದ ಹಳದಿ ಕೊಕ್ಕಿನ ಗೊರವಂಕವೊಂದು ನೀನು ಯಾರು ಎಂಬಂತೆ ನನ್ನನ್ನೇ ನೋಡುತ್ತಿತ್ತು. ನೀವೂ ಗಮನಿಸಿರಬಹುದು, ಮರದ ಪೊಟರೆಯಷ್ಟೇ ನಾವು ಗೋಡೆಗೆ ಕೊರೆದ ತೂತೂ ಈ ಹಕ್ಕಿಗೆ ಒಪ್ಪಿಗೆ. ಸ್ವಂತವಾಗಿ ಕೊರೆಯುವ ತಾಪತ್ರಯ ಹಚ್ಚಿಕೊಳ್ಳುವುದಿಲ್ಲ. ನನ್ನಂತೆ ಬಾಡಿಗೆ ಮನೆಯಲ್ಲೇ ಸಂಸಾರ ಹೂಡುವ ಪೈಕಿ.

ಹಿಂದೆ ಪೀಣ್ಯದ ಒಂದು ಲೇತ್ ಶೆಡ್ಡಿನಲ್ಲಿ ನಾನು ಇನ್‌ಸ್ಪೆಕ್ಟರ್ ಆಗಿದ್ದೆ. ಪೊಲೀಸಿನವನಲ್ಲ, ಮಾಡಿದ ಮಾಲಿನಲ್ಲಿ ತಪ್ಪು ಹುಡುಕುವವನು. ಅನುಮಾನ ಬಂದದ್ದಕ್ಕೆ ಹಳದಿ ಚೀಟಿ ಕಟ್ಟಿ ಸಹಿ ಹಾಕಿದರೆ, ನಾನೇ ಬಿಚ್ಚುವ ತನಕ ಮಾಲೀಕರೂ ಮುಟ್ಟುವಂತಿರಲಿಲ್ಲ. ಆ ಜಂಬ ನನಗೆ ಸ್ವಲ್ಪ ಜಾಸ್ತಿಯೇ ಇತ್ತೆನ್ನಿ.

ಒಂದು ಏಪ್ರಿಲಿನಲ್ಲಿ, ತಗಡಿನ ಮಾಡು ಕಾದು ಕಾವಲಿಯಾಗಿದ್ದಾಗ, ತಿಂಗಳುಗಟ್ಟಲೆ ನಿಂತಿದ್ದ ಎಕ್ಸಾಸ್ಟ್ ಫ್ಯಾನಿಗೆ ಹೊಸ ಸ್ವಿಚ್ಚು ಹಾಕಿಸಿದರು. ನಾನು ಅದಕ್ಕೆ ಕೈಹಾಕುವಷ್ಟರಲ್ಲಿ, ಫ್ಯಾನಿನ ಕೆಳಗೇ ಲೇತ್ ನಡೆಸುತ್ತಿದ್ದ ಬಾಗಲಕೋಟೆ ಕಡೆಯ ಬಸಪ್ಪ ಅಡ್ಡ ಬಂದ.

"ಹಚ್ಚಬ್ಯಾಡ್ರಿ ಸರ. ಹಿಂದ ಮರಿ ಅದಾವ."

ಕೈ ಒರೆಸುವ ಕಾಟನ್ ವೇಸ್ಟನ್ನು ಗೊರವಂಕಗಳು ಗೂಡಿಗೆ ಒಯ್ಯುತ್ತಿದ್ದವಂತೆ. ಕಬ್ಬಿಣದ ಚೂರು ಸೇರಿಹೋಗಬಾರದೆಂದು ಬಸಪ್ಪ ಶುಭ್ರವಾದದ್ದನ್ನು ಆರಿಸಿ ಕಿಟಕಿಯಲ್ಲಿ ಇಡುತ್ತಿದ್ದನಂತೆ. ಇದೊಂದೂ ನನ್ನ ತಪಾಸಣೆಯ ಕಣ್ಣಿಗೆ ಬಿದ್ದಿರಲಿಲ್ಲ. ಏನು ತೋಚಿತೋ, ಸ್ವಿಚ್ಚಿಗೇ ಹಳದಿ ಚೀಟಿ ಕಟ್ಟಿ, "ತಪಾಸಣೆ ಬಾಕಿ" ಎಂದು ಬರೆದು ಸಹಿ ಹಾಕಿದೆ. ಸುಳ್ಳಿಗೆ ಹಾಕಿದ ಮೊದಲ ಸಹಿ ಅದು.

ವಾರದೊಳಗೆ ಗಿರಾಕಿ ಕಂಪನಿಯ ಆಡಿಟರ್ ಬಂದರು. ಸುಳ್ಳು ಸಿಕ್ಕಿಬಿದ್ದರೆ ನನ್ನ ಕೆಲಸ ಹೋಗುತ್ತಿತ್ತು. ಅವರು ನೆಟ್ಟಗೆ ಬಂದು ಸ್ವಿಚ್ಚಿನ ಮುಂದೆ ನಿಂತರು.

"ಈ ತಪಾಸಣೆ ಯಾವಾಗ್ರೀ ಮುಗಿಯೋದು?"

ಮೇಲೆ ಮರಿಗಳು ಒಟ್ಟಿಗೇ ಚೀರಿದವು. ಬಸಪ್ಪ ಲೇತ್ ನಿಲ್ಲಿಸಿ, "ರೆಕ್ಕಿ ಬಲಿತ ಮ್ಯಾಲರಿ ಸರ" ಅಂದ.

ಆಡಿಟರ್ ಗೂಡನ್ನು ನೋಡಿದರು, ಬೆವರಿಗೆ ಒದ್ದೆಯಾಗಿ ಬೆನ್ನಿಗಂಟಿದ ಬಸಪ್ಪನ ಅಂಗಿಯನ್ನು ನೋಡಿದರು. "ಎರಡು ವಾರ ಟೈಮ್ ಹಾಕ್ತೀನಿ ಕಣ್ರೀ" ಎಂದು ಬರೆದುಕೊಂಡು ಮುಂದೆ ಹೋದರು.

ಮರಿಗಳು ಹಾರಿದ ದಿನ ಚೀಟಿ ಬಿಚ್ಚಲು ಹೋದೆ. "ಅದ ಗೂಡಿನ್ಯಾಗ ಮತ್ತ ತತ್ತಿ ಇಡ್ತಾವ್ರಿ. ಸೆಕಿ ತಡ್ಕೊಂತೀನಿ, ಇರಲಿ ಬಿಡ್ರಿ" ಅಂದ ಬಸಪ್ಪ. ಹೊಸ ಚೀಟಿ ಬರೆದೆ. ಕಾರಣದ ಜಾಗದಲ್ಲಿ ಈ ಸಲ "ಗೊರವಂಕ" ಎಂದೇ ಬರೆದೆ.

ಈ ಕತೆಯನ್ನು ಇಷ್ಟು ವರ್ಷ ನನ್ನ ದೊಡ್ಡತನವೆಂಬಂತೆ ಹೇಳಿಕೊಂಡು ಬಂದಿದ್ದೇನೆ. ನಾನು ಹಾಕಿದ್ದು ಬರೀ ಸಹಿ, ಎರಡು ತಿಂಗಳು ಬೆಂದವನು ಬಸಪ್ಪ. ಇವತ್ತು ಫ್ಯಾನ್ ಹಾಕದೆ ಹಬೆಯಲ್ಲೇ ಸ್ನಾನ ಮುಗಿಸಿದೆ. ತೊಟ್ಟ ಅಂಗಿ ಬೆನ್ನಿಗೆ ಅಂಟಿಕೊಂಡಿತು. ಖುಷಿಯಾಯಿತು.