ಒಳ್ಳೇ ಕರು ಎಂದರೆ ಯಾವ ಕರು

೧೯೯೮ರ ಏಪ್ರಿಲ್ ೧೮, ಶನಿವಾರ, ಬೆಳಿಗ್ಗೆ ಏಳು ಗಂಟೆ. ಹೊಳೆನರಸೀಪುರದ ಹತ್ತಿರ ಸೋದರತ್ತೆಯ ಕೊಟ್ಟಿಗೆಯಲ್ಲಿ ನನ್ನ ಈ ಲೆಕ್ಕ ಶುರುವಾಯಿತು. ಪಿಯುಸಿ ಪರೀಕ್ಷೆ ಮುಗಿಸಿ ರಜೆಗೆ ಹೋಗಿದ್ದೆ. ಅತ್ತೆಗಿದ್ದದ್ದು ಒಂದೇ ಸೀಮೆ ಹಸು, ಡೈರಿಗೆ ಹಾಕುವ ಹಾಲಿನಲ್ಲೇ ಮನೆ ನಡೆಯುತ್ತಿತ್ತು. ಹಸುವಿಗೆ ವಯಸ್ಸಾಗಿತ್ತು, ಅದುವರೆಗೆ ಈದದ್ದೆಲ್ಲ ಗಂಡುಕರು. ಇನ್ನೊಂದು ಸಲ ಈದರೆ ಹೆಚ್ಚು ಎಂದು ದನದ ಡಾಕ್ಟರು ಹೇಳಿದ್ದರು. ಈ ಸಲವೂ ಹೆಣ್ಣುಕರು ಹುಟ್ಟದಿದ್ದರೆ ಮುಂದೆ ಹಾಲು ಕರೆಯಲು ಹಸುವೇ ಇರುವುದಿಲ್ಲ.

ಬೆದೆಗೆ ಬಂದ ಕೂಡಲೇ ಗಬ್ಬ ನಿಲ್ಲಿಸುವ ಇಂಜೆಕ್ಷನ್ ಕೊಡಿಸಿದರೆ ಹೆಣ್ಣು, ತಡವಾಗಿ ಕೊಡಿಸಿದರೆ ಗಂಡು ಎಂದು ಅತ್ತೆ ಯಾರಿಂದಲೋ ಕೇಳಿದ್ದರು. ಪಕ್ಕದ ಮನೆಯವರು ಅದನ್ನೇ ತಿರುಗಿಸಿ ಹೇಳುತ್ತಿದ್ದರು. ಇನ್ನೊಬ್ಬರು ಎಲ್ಲವೂ ಹುಣ್ಣಿಮೆ ಅಮಾವಾಸ್ಯೆಯ ಮೇಲೆ ಅನ್ನುತ್ತಿದ್ದರು. ಯಾರ ಮಾತು ನಿಜವೋ ಕೇಳಿಯೇ ನೋಡೋಣ ಎಂದು ಹೊರಟೆ. ನಮ್ಮ ನೆಂಟರಿದ್ದ ಅರಕಲಗೂಡು, ಚನ್ನರಾಯಪಟ್ಟಣದ ಕಡೆಯ ಹಳ್ಳಿಗಳಲ್ಲೂ ವಿಚಾರಿಸಿದೆ. ಒಟ್ಟು ಮೂವತ್ತೊಂದು ಕರು. ಬೇಗ ಕೊಡಿಸಿದ್ದ ಹದಿನಾರರಲ್ಲಿ ಹನ್ನೆರಡು ಹೆಣ್ಣು. ಅತ್ತೆಗೆ ಅಷ್ಟು ಸಾಕಾಯಿತು.

ಮೇ ೨೧ರ ಬೆಳಗಿನ ಜಾವ ಹಸು ಬೆದೆಗೆ ಬಂದು ಕೂಗತೊಡಗಿತು. ಸಂಜೆಗೆ ಬರುತ್ತೇನೆಂದ ಡಾಕ್ಟರನ್ನು ಅತ್ತೆ ಬಿಡಲಿಲ್ಲ, ಎಂಟಕ್ಕೇ ಕರೆಸಿದರು. ಇಷ್ಟು ಬೇಗ ಕೊಟ್ಟರೆ ಗಬ್ಬ ನಿಲ್ಲದೆಯೂ ಹೋಗಬಹುದು ಎಂದು ಅವರು ಗೊಣಗಿದರು.

"ನಿಲ್ದಿದ್ರೆ ಇನ್ನೊಂದ್ಸಲ ಕೊಡ್ಸಾನ ಸಾ," ಎಂದರು ಅತ್ತೆ. "ನಮ್ಮುಡ್ಗಿ ಲೆಕ್ಕ ಆಕವ್ಳೆ."

ವಾರ ಕಳೆದು ಚನ್ನರಾಯಪಟ್ಟಣದ ಕಡೆಗೆ ಮತ್ತೆ ಹೋದಾಗ, ನಾನು ಹೆಣ್ಣು ಎಂದು ಬರೆದುಕೊಂಡಿದ್ದ ಒಂದು ಮನೆಯ ಮುಂದೆ ನಾಟಿ ತಳಿಯ ಹಳ್ಳಿಕಾರ್ ಹೋರಿಗರುವನ್ನು ಕಟ್ಟಿದ್ದರು. ಮೊದಲ ಸಲ ಯಾವ ಕರು ಆಯಿತು ಎಂದು ಕೇಳಿದಾಗ ಆ ಯಜಮಾನರು ಹೇಳಿದ್ದು "ಒಳ್ಳೇದೇ ಆಯ್ತು" ಎಂದಷ್ಟೇ. ಅತ್ತೆಯ ಬಾಯಲ್ಲಿ ಒಳ್ಳೇದು ಎಂದರೆ ಹೆಣ್ಣುಕರು. ನಾನೂ ಹಾಗೇ ಗುರುತು ಹಾಕಿಕೊಂಡಿದ್ದೆ.

ಅವರು ನಕ್ಕರು. "ಉಳೋರ್ಗೆ ಒಳ್ಳೇದು ಅಂದ್ರೆ ಹೋರಿ ಕಣವ್ವ. ಡೈರಿಗೆ ಹಾಲಾಕೋರ್ದು ಬ್ಯಾರೆ ಬಾಸೆ."

ನಾಟಿ ಹಸುವಿನ ಮನೆಗಳಿಗೆಲ್ಲ ಮತ್ತೆ ಹೋಗಿ ಕೇಳಿದೆ. ಹನ್ನೆರಡರಲ್ಲಿ ನಾಲ್ಕು ಹೋರಿ. ಹೆಣ್ಣು ಉಳಿದದ್ದು ಹದಿನಾರಕ್ಕೆ ಎಂಟು, ಅಂದರೆ ಸರಿ ಅರ್ಧ. ಲೆಕ್ಕವನ್ನು ಡಾಕ್ಟರಿಗೆ ತೋರಿಸಿದೆ. ಕರು ಯಾವುದೆಂದು ನಿರ್ಧಾರವಾಗುವುದು ಹೋರಿಯ ಬೀಜದಿಂದ, ಹೊತ್ತಿನ ಮಾತನ್ನು ಕೆಲವರು ಒಪ್ಪುತ್ತಾರೆ, ಕೆಲವರು ಒಪ್ಪುವುದಿಲ್ಲ ಎಂದರು. ಅತ್ತೆಗೂ ಹೇಳಿದೆ. ಅವರು ಹಸುವಿನ ಬೆನ್ನು ಸವರುತ್ತಾ, ಮೊದಲು ಗಬ್ಬ ನಿಲ್ಲಲಿ ಎಂದರು.

ನಿಂತಿತು. ಮುಂದಿನ ಫೆಬ್ರವರಿ ಕೊನೆಯ ವಾರ ಹಸು ಈಯಿತು. ಹಣೆಯಲ್ಲಿ ಬಿಳಿ ಮಚ್ಚೆಯಿದ್ದ ಹೆಣ್ಣುಕರು. ಅತ್ತೆ ಗಿಣ್ಣು ಮಾಡಿ ಬೀದಿಗೆಲ್ಲ ಹಂಚಿದರು.

"ನಿನ್ ಲೆಕ್ಕ ತೆಪ್ಪಿರ್ಬೋದು ಮಗ, ಕರ ತೆಪ್ಪಿಲ್ವಲ್ಲ," ಎಂದರು.

ಆಮೇಲೆ ಬೀದಿಯವರೆಲ್ಲ ಬೆದೆ ಕಂಡ ಕೂಡಲೇ ಡಾಕ್ಟರನ್ನು ಕರೆಸತೊಡಗಿದರು. ಎರಡು ಮನೆಯಲ್ಲಿ ಗಬ್ಬ ನಿಲ್ಲಲಿಲ್ಲ. ನಿಂತ ಮನೆಗಳಲ್ಲಿ ಗಂಡೂ ಹುಟ್ಟಿತು, ಹೆಣ್ಣೂ ಹುಟ್ಟಿತು. ಈಗಲೂ ಯಾರಾದರೂ ಕೇಳಿದರೆ, ಬೇಗ ಕೊಡಿಸಿ ಎನ್ನಲು ನನಗೆ ಧೈರ್ಯವಿಲ್ಲ, ಬೇಡ ಎನ್ನಲು ಆಧಾರವೂ ಇಲ್ಲ. ಹಸು ಬೆದೆಗೆ ಬಂದ ಹೊತ್ತು, ಇಂಜೆಕ್ಷನ್ ಕೊಡಿಸಿದ ಹೊತ್ತು, ಹುಟ್ಟಿದ ಕರು, ಈ ಮೂರನ್ನೂ ಗಮನಿಸಿದವರು ಯಾರಾದರೂ ಇದ್ದರೆ ದಯವಿಟ್ಟು ನನಗೊಂದು ಕಾಗದ ಬರೆಯಿರಿ. ಗಬ್ಬ ನಿಲ್ಲದೆ ಹೋದದ್ದನ್ನೂ ಬಿಡದೆ ಬರೆಯಿರಿ.