ಸೊನ್ನೆಗೆ ಸಹಿ ಇಲ್ಲ

ಎಂಬತ್ತರ ದಶಕದ ಕೊನೆಯಲ್ಲಿ ಬಳ್ಳಾರಿಯ ನಮ್ಮ ನೀರಾವರಿ ಕಚೇರಿಗೆ ಒಂದು ಕಂಪ್ಯೂಟರ್ ಬಂತು. ಅದರ ಬೆನ್ನಿಗೇ ತಾತ್ಕಾಲಿಕ ಆಪರೇಟರ್ ಆಗಿ ನಾನೂ ಬಂದೆ. ಆರು ತಿಂಗಳು ನೋಡುತ್ತೇವೆ, ಉಪಯೋಗವಿಲ್ಲ ಅನ್ನಿಸಿದರೆ ಬೇರೆ ಜಿಲ್ಲೆಗೆ ಒಯ್ಯುತ್ತೇವೆ ಎಂದು ಮೇಲಿನವರು ಹೇಳಿದ್ದರು. ಒಯ್ಯುವುದು ಕಂಪ್ಯೂಟರನ್ನು. ನಾನು ಮನೆಗೆ.

ಅದರೊಳಗೆ ಸಿರುಗುಪ್ಪ, ಕುರುಗೋಡು ಕಡೆಯ ಕಾಲುವೆ ನೀರಿನ ರೈತರ ಪಟ್ಟಿ ಇತ್ತು. ಹೆಸರು, ಊರು, ಸರ್ವೆ ನಂಬರು. ದಿನಾ ಬೆಳಿಗ್ಗೆ ಒಂದು ಕಮಾಂಡ್ ಕೊಟ್ಟರೆ ಯಂತ್ರ ಇಡೀ ಪಟ್ಟಿಯನ್ನು ಜಾಲಾಡಿ, ನಮ್ಮ ಊರುಗಳ ಯಾದಿಯಲ್ಲಿಲ್ಲದ ಹೆಸರು ಕಂಡರೆ ತಪ್ಪು ಎಂದು ಎಣಿಸಿ ತೋರಿಸುತ್ತಿತ್ತು. ತೋರಿಸಿದ್ದನ್ನು ನಾನು ರಿಜಿಸ್ಟರಿಗೆ ಬರೆದು ಹೆಡ್ ಕ್ಲರ್ಕರ ಸಹಿ ಪಡೆಯಬೇಕು. ಮೊದಲ ವಾರ ಸಿಕ್ಕ ತಪ್ಪುಗಳನ್ನೆಲ್ಲ ತಿದ್ದಿದೆ. ಆಮೇಲೆ ದಿನಾ ಸೊನ್ನೆ. ನನಗೆ ಹಿಗ್ಗೋ ಹಿಗ್ಗು.

“ಏನವ್ವ, ಇವತ್ತೂ ಸೊನ್ನಿ?” ಎಂದರು ಹೆಡ್ ಕ್ಲರ್ಕ್.

“ತಪ್ಪೇ ಇಲ್ರಿ ಸಾರ್.”

“ಸೊನ್ನಿ ಅಂದ್ರ ಕೆಲಸ ಮಾಡಿಲ್ಲ ಅಂತ. ಇಷ್ಟು ವರ್ಷದಾಗ ನಾನು ಒಂದು ಸೊನ್ನಿಗೂ ಸಹಿ ಹಾಕಿಲ್ಲ. ನಾಳಿ ನೆಟ್ಟಗ ಹುಡುಕು.”

ಕೆಟ್ಟ ಮನುಷ್ಯರೇನಲ್ಲ. ಅವರ ಕಾಲದಲ್ಲಿ ಸೊನ್ನೆ ಬರೆದವರಿಗೆಲ್ಲ ಮೆಮೊ ಬರುತ್ತಿತ್ತು, ಅಷ್ಟೆ.

ಮೂರು ದಿನ ಬೈಸಿಕೊಂಡೆ. ನಾಲ್ಕನೆಯ ದಿನ ತಲೆ ಕೆಟ್ಟು, ಒಬ್ಬ ರೈತನ ಊರು ಅಳಿಸಿ ‘ಮಿರ್ಚಿಹಾಳು’ ಎಂದು ಹೊಡೆದು ಕಮಾಂಡ್ ಕೊಟ್ಟೆ. ತಪ್ಪು: ಒಂದು! ಅದನ್ನು ಬರೆದುಕೊಂಡು, ರೈತನ ಊರನ್ನು ಮೊದಲಿನಂತೆ ಮಾಡಿದೆ. ಹೆಡ್ ಕ್ಲರ್ಕ್ ಸಹಿ ಹಾಕಿ ಚಹಾ ತರಿಸಿಕೊಟ್ಟರು. ಮರುದಿನ ಮಂಡಕ್ಕಿಪುರ, ಅದರ ಮರುದಿನ ಒಗ್ಗರಣಿಹಟ್ಟಿ. ಹೊಟ್ಟೆ ಹಸಿದಷ್ಟೂ ಊರುಗಳು ಹುಟ್ಟಿದವು. ಸೆರಗು ಬಾಯಿಗೊತ್ತಿಕೊಂಡು ನಗುತ್ತಾ ಬರೆಯುತ್ತಿದ್ದೆ. ಅಷ್ಟು ಖುಷಿಯ ಕೆಲಸವನ್ನು ಆಮೇಲೆ ಎಲ್ಲೂ ಮಾಡಿಲ್ಲ.

ಆರು ತಿಂಗಳಾಯಿತು. ಬೆಂಗಳೂರಿನಿಂದ ಸಾಹೇಬರು ಬಂದು ರಿಜಿಸ್ಟರ್ ತೆರೆದರು.

“ತಿದ್ದಿದ ಮೇಲೂ ಪ್ರತಿ ದಿನ ಒಂದು ತಪ್ಪು. ಈ ಮೆಷಿನ್ ಸರಿಯಿಲ್ಲ,” ಎಂದು ಹಾಳೆ ತಿರುವಿದರು. “ಒಗ್ಗರಣಿಹಟ್ಟಿ ಎಲ್ಲಿ ಬರುತ್ತೆ?”

“ಸಿರುಗುಪ್ಪ ದಾಟಿದ ಮ್ಯಾಲ ಐತ್ರಿ,” ಎಂದರು ಹೆಡ್ ಕ್ಲರ್ಕ್, ಒಂದಿಷ್ಟೂ ಅಳುಕದೆ.

ನನಗೆ ನಗುವೂ ಬಂತು, ಅಳುವೂ ಬಂತು. ಮೆಷಿನ್ ಪ್ಯಾಕ್ ಮಾಡಿಸಿ ಎಂದು ಸಾಹೇಬರು ಎದ್ದೇಬಿಟ್ಟರು. ಇನ್ನು ಬಾಯಿ ಬಿಡದೆ ವಿಧಿಯಿರಲಿಲ್ಲ.

“ಅಂಥ ಊರೇ ಇಲ್ರಿ ಸಾರ್. ಎಲ್ಲಾ ನಾನೇ ಹುಟ್ಟಿಸಿದ್ದು.”

ಯಾಕೆ ಎಂದು ಸಾಹೇಬರು ಗದರಿದರು. ಹೆಡ್ ಕ್ಲರ್ಕರ ಮುಖ ಬಿಳಿಚಿಕೊಂಡಿತ್ತು. ಆದರೂ ಅವರೇ ಮುಂದೆ ಬಂದರು. “ಸೊನ್ನಿ ಬ್ಯಾಡ ಅಂದಾವ ನಾನ್ರಿ. ಈ ಹುಡುಗೀದೇನೂ ತಪ್ಪಿಲ್ಲ.” ಅವರ ಮೇಲೆ ನನಗಿದ್ದ ಸಿಟ್ಟೆಲ್ಲ ಆ ಕ್ಷಣ ಇಳಿದುಹೋಯಿತು.

“ಹಾಗಾದರೆ ಈಗ ನೀವೇ ಒಂದು ಸುಳ್ಳು ಊರು ಹಾಕಿ. ಹಿಡಿಯುತ್ತೋ ನೋಡೋಣ,” ಎಂದರು ಸಾಹೇಬರು.

ಹೆಡ್ ಕ್ಲರ್ಕ್ ಮೊದಲ ಸಲ ಆ ಕುರ್ಚಿಯಲ್ಲಿ ಕೂತರು. ಒಬ್ಬ ರೈತನ ಊರಿನ ಜಾಗದಲ್ಲಿ ಒಂದೇ ಬೆರಳಿನಲ್ಲಿ, ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ನಾನು ಕಮಾಂಡ್ ಕೊಟ್ಟೆ. ಪರದೆಯ ಮೇಲೆ ಸೊನ್ನೆ! ಬಗ್ಗಿ ನೋಡಿದರೆ, ಅವರು ಹೊಡೆದದ್ದು ಬಾದನಹಟ್ಟಿ. ಅದು ನಮ್ಮ ಯಾದಿಯಲ್ಲೇ ಇದ್ದ ಅವರ ಸ್ವಂತ ಊರು.

“ಸುಳ್ಳು ಊರು ಅಂದೆನಲ್ಲ?” ಎಂದರು ಸಾಹೇಬರು.

“ಸುಳ್ಳು ಬರಿಯಾಕ ಕೈ ಬರ್ಲಿಲ್ರಿ. ಆದ್ರ ನೋಡ್ರಿ ಸಾರ್, ತಪ್ಪಿಲ್ಲ ಅಂತೈತಿ! ನಮ್ಮೂರು ಇದಕ್ಕ ಗೊತ್ತೈತಿ!”

ಸಾಹೇಬರು ಗಹಗಹಿಸಿ ನಕ್ಕರು. ಕೊನೆಗೆ ತಾವೇ ಒಗ್ಗರಣಿಹಟ್ಟಿ ಹೊಡೆದರು. ಯಂತ್ರ ತಕ್ಷಣ ಹಿಡಿಯಿತು. ಮೆಷಿನ್ ಇಲ್ಲೇ ಇರಲಿ, ಹುಡುಗಿಯೂ ಇರಲಿ ಎಂದು ಹೇಳಿ ಜೀಪು ಹತ್ತಿದರು. ನಾನು ಆ ರೈತನಿಗೆ ಅವನ ಊರನ್ನು ವಾಪಸ್ ಕೊಟ್ಟು, ಇನ್ನೊಮ್ಮೆ ಕಮಾಂಡ್ ಕೊಟ್ಟು, ರಿಜಿಸ್ಟರ್ ಎಳೆದುಕೊಂಡೆ. ಹೆಡ್ ಕ್ಲರ್ಕ್ ನನ್ನ ಕೈಯಿಂದ ಪೆನ್ನು ಕಿತ್ತುಕೊಂಡು, ಆ ದಿನದ ಸೊನ್ನೆಯನ್ನು ತಾವೇ ದುಂಡಗೆ ಬರೆದು ಸಹಿ ಹಾಕಿದರು.